ಬೈತಲೆ ಅಗಲವಾದಾಗ: ನನ್ನ ಪಿಆರ್‌ಪಿ ಅನುಭವ

ಐನೂರರ ಒಂದು ನೋಟು ಕಡಿಮೆ ಬಿತ್ತು. ಇದೆಲ್ಲ ಶುರುವಾಗಿದ್ದು ಅಲ್ಲಿಂದ.

ಬಾಗಲಕೋಟೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಕ್ಯಾಶಿಯರ್. ಅವತ್ತು ಸಂಜೆ ಲೆಕ್ಕ ತಾಳೆಯಾಗಲಿಲ್ಲ. ಮೂರು ಸಲ ಎಣಿಸಿದರೂ ಅದೇ 500 ಕಡಿಮೆ. "ಕ್ಯಾಮೆರಾ ನೋಡೂಣು ಬರ್ರಿ" ಅಂದರು ಮ್ಯಾನೇಜರ್. ಕೌಂಟರಿನ ಮೇಲೆ, ಸರಿಯಾಗಿ ನನ್ನ ನೆತ್ತಿಯ ನೇರಕ್ಕೆ, ಒಂದು ಕ್ಯಾಮೆರಾ ಇದೆ. ಬೆಳಗಿನಿಂದ ಓಡಿಸುತ್ತ ಬಂದೆವು. ಮಧ್ಯಾಹ್ನ 12ರ ಸುಮಾರಿಗೆ ಒಬ್ಬ ಅಜ್ಜನ ಕೈಗೆ ಎರಡು ನೋಟು ಅಂಟಿಕೊಂಡೇ ಹೋಗಿದ್ದು ಕಂಡಿತು. ಎಲ್ಲರೂ ಉಸಿರು ಬಿಟ್ಟರು. ನನ್ನ ಕಣ್ಣು ಮಾತ್ರ ನೋಟಿನ ಮೇಲೆ ಇರಲೇ ಇಲ್ಲ. ತಲೆ ತಗ್ಗಿಸಿ ಎಣಿಸುತ್ತ ಕುಳಿತ ಆ ಹೆಂಗಸಿನ ಬೈತಲೆ ಗೆರೆಯಾಗಿ ಉಳಿದಿರಲಿಲ್ಲ. ಹಣೆಯಿಂದ ನಡುನೆತ್ತಿಯ ತನಕ ಬೆಳ್ಳಗೆ, ಹೊಲದ ನಡುವಿನ ಕಾಲುದಾರಿಯ ಹಾಗೆ ಕಾಣುತ್ತಿತ್ತು.

"ಟ್ಯೂಬ್‌ಲೈಟಿನ ಬೆಳಕಿಗೆ ಹಂಗ ಕಾಣತೈತ್ರಿ ಅಕ್ಕಾರ" ಅಂದ ನಮ್ಮ ಪಿಗ್ಮಿ ಹುಡುಗ. ಅಂದರೆ ಅವನೂ ನೋಡಿದ್ದ. ಕೌಂಟರಿನ ಆಚೆ ನಿಂತವರೆಲ್ಲ ಎಷ್ಟು ದಿನದಿಂದ ನೋಡುತ್ತಿದ್ದರೋ ಏನೋ.

ಅಜ್ಜ ಮರುದಿನ ತಾನೇ ಬಂದು ನೋಟು ಕೊಟ್ಟು ಹೋದ. ಆ ಲೆಕ್ಕ ಸರಿಹೋಯಿತು.

ನನಗೆ ಆಗ 39 ವರ್ಷ. ಕೂದಲು ಉದುರುತ್ತದೆ ಅನ್ನೋದು ಗೊತ್ತಿತ್ತು. ಯಾರಿಗೆ ಉದುರಲ್ಲ? ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ನಮ್ಮ ಅವ್ವ ನನ್ನ ಜೊತೆಗೇ ಇದ್ದಾಳೆ. ಬಾಚಣಿಗೆಗೆ ಬಂದ ಕೂದಲನ್ನು ಅವಳು ಬಿಸಾಡಲು ಬಿಡುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ, ಬಚ್ಚಲು ಕಿಟಕಿಯ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಇಡುತ್ತಾಳೆ. ಕೂದಲು ಕೊಳ್ಳುವ ಹೆಂಗಸು ಓಣಿಗೆ ಬಂದಾಗ ಕೊಟ್ಟು ಪಿನ್ನು, ಕ್ಲಿಪ್ಪು, ಜಾಸ್ತಿ ಇದ್ದರೆ ಸ್ಟೀಲಿನ ಬಟ್ಟಲು ಇಸಿದುಕೊಳ್ಳುತ್ತಾಳೆ. ಹಾಗೆ ಊರೂರು ಸುತ್ತಿ ಕೂಡಿಸಿದ ಕೂದಲು ಕೊಪ್ಪಳದ ಭಾಗ್ಯನಗರದಂಥ ಕಡೆ ಹೋಗಿ, ಬಿಡಿಸಿ, ತೊಳೆದು, ವಿಗ್ಗು ಆಗಲಿಕ್ಕೆ ಹೊರಡುತ್ತದೆ. ಆ ವರ್ಷ ಎರಡೇ ತಿಂಗಳಲ್ಲಿ ಚೀಲ ತುಂಬಿತ್ತು. ಬಂದವಳು ಉಂಡೆ ಹಿಂಜಿ ನೋಡಿ, "ಈ ಸಲ ಚಲೋ ಮಾಲ ಐತಿ ನೋಡ ಯವ್ವಾ" ಅಂತ ಒಂದು ಬಟ್ಟಲಿನ ಜೊತೆ ಚಮಚೆಯನ್ನೂ ಕೊಟ್ಟಿದ್ದಳು. ಅವ್ವನಿಗೆ ಖುಷಿಯೋ ಖುಷಿ. ನನಗೂ ಆಗ ಏನೂ ಅನ್ನಿಸಲಿಲ್ಲ.

ಕ್ಯಾಮೆರಾ ನೋಡಿದ ಮೇಲೆ ಮನೆ ಮದ್ದು ಶುರುವಾಯಿತು. ಮೆಂತ್ಯ ರುಬ್ಬಿ ಹಚ್ಚಿದೆ. ದಾಸವಾಳ ಹಚ್ಚಿದೆ. ಉಳ್ಳಾಗಡ್ಡಿ ರಸ ಹಚ್ಚಿ, ಎರಡು ಸಲ ಶಾಂಪೂ ಹಾಕಿ ತೊಳೆದು ಆಫೀಸಿಗೆ ಹೋದರೂ ಕೌಂಟರಿನಲ್ಲಿ ಯಾರೋ "ಭಜಿ ತಂದಾರೇನ್ರಿ?" ಅಂದರು. ಅದನ್ನು ಅವತ್ತೇ ಬಿಟ್ಟೆ. ಓಣಿಯವರೆಲ್ಲ ಬೋರಿನ ಸವಳು ನೀರಿನ ಮೇಲೆ ತಪ್ಪು ಹಾಕಿದರು. ಮೆಡಿಕಲ್ ಅಂಗಡಿಯಿಂದ ಬಯೋಟಿನ್ ಅನ್ನುವ ವಿಟಮಿನ್ ಗುಳಿಗೆ ತಂದು ಮೂರು ತಿಂಗಳು ನುಂಗಿದೆ. ಉಗುರು ಸ್ವಲ್ಪ ಗಟ್ಟಿ ಆದಂತೆ ಅನ್ನಿಸಿತು, ಅಷ್ಟೇ.

ಆಮೇಲೆ ನಮ್ಮ ವೈನಿ ಫೋನು ಮಾಡಿ, ಬೆಳಗಾವಿಯಲ್ಲಿ ಒಂದು ಕಡೆ ಪಿಆರ್‌ಪಿ, ಅಂದರೆ ಪ್ಲೇಟ್ಲೆಟ್ ರಿಚ್ ಪ್ಲಾಸ್ಮಾ, ಮಾಡುತ್ತಾರೆ, ನಮ್ಮದೇ ರಕ್ತ ತೆಗೆದು ನಮ್ಮದೇ ತಲೆಗೆ ಚುಚ್ಚುತ್ತಾರೆ, ಅಡ್ಡ ಪರಿಣಾಮ ಇಲ್ಲ ಅಂದರು. ಲೋಕಾಪುರ, ಯರಗಟ್ಟಿ ದಾಟಿ ಸುಮಾರು ನಾಲ್ಕು ತಾಸು ಬಸ್ಸಿನಲ್ಲಿ ಕುಳಿತು ಹೋದೆ. ಒಳಗೆ ಎಸಿ, ಗೋಡೆ ತುಂಬ ಮೊದಲು ಹೀಗೆ ಆಮೇಲೆ ಹೀಗೆ ಅನ್ನುವ ಫೋಟೊಗಳು. ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ಎರಡು ನಿಮಿಷ ನೆತ್ತಿ ನೋಡಿ, ಎಂಟು ಸಲದ ಪ್ಯಾಕೇಜು, 60,000, ಇವತ್ತೇ ಕಟ್ಟಿದರೆ 48,000, ಕಂತಿನಲ್ಲೂ ಕಟ್ಟಬಹುದು ಅಂದಳು. ಡಾಕ್ಟರ್ ಯಾರು ಅಂದೆ. "ನಮ್ಮ ಟೀಮ್ ಇದೆ ಮೇಡಂ" ಅಂದಳು. ರಕ್ತ ಪರೀಕ್ಷೆ ಬೇಡವಾ ಅಂದೆ. "ಬೇಕಾಗಲ್ಲ." ಸಂಘದಲ್ಲಿ ಹದಿನಾಲ್ಕು ವರ್ಷ ಕುಳಿತವಳು ನಾನು. ಇವತ್ತೇ ಕಟ್ಟಿ ಅನ್ನುವವರ ಹತ್ತಿರ ಇವತ್ತು ಕಟ್ಟಬಾರದು ಅಂತ ಗೊತ್ತು. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಎದ್ದು ಬಂದೆ. ಅರ್ಧ ಕೆಜಿ ಕುಂದಾ ತಗೊಂಡು ಬಸ್ಸು ಹತ್ತಿದೆ. ಆ ಪ್ರವಾಸದಲ್ಲಿ ಲಾಭ ಅಂದರೆ ಅದೊಂದೇ.

ಕೊನೆಗೆ ಸಿಕ್ಕಿದ್ದು ನಮ್ಮೂರಿನಲ್ಲೇ, ನವನಗರದಲ್ಲಿ, ಒಬ್ಬ ಚರ್ಮರೋಗ ತಜ್ಞೆ. ಸಣ್ಣ ಕ್ಲಿನಿಕ್ಕು. ಹೊರಗೆ ಮೊಡವೆ ಹುಡುಗರು, ಇಸುಬು ಹತ್ತಿದ ಮಕ್ಕಳು, ಬೆಂಚು ತುಂಬ ಜನ. ಒಂದೂವರೆ ತಾಸು ಕಾದೆ. ಆದರೆ ಮೇಡಂ ನನ್ನ ತಲೆಗೆ ಕೊಟ್ಟ ಸಮಯವೇ ಇಪ್ಪತ್ತು ನಿಮಿಷ ಇರಬೇಕು. ಮೊದಲು ಒಂದು ಹಿಡಿ, ಐವತ್ತು ಅರವತ್ತು ಕೂದಲು, ಬೆರಳಿನ ನಡುವೆ ಹಿಡಿದು ಬೇರಿನಿಂದ ತುದಿಯ ತನಕ ಮೆಲ್ಲಗೆ ಎಳೆದರು. ಎಂಟು ಕೈಗೆ ಬಂದವು. ಹೀಗೆ ಎಳೆದಾಗ ಒಂದೆರಡು ಬಂದರೆ ಚಿಂತೆ ಇಲ್ಲವಂತೆ. ಆಮೇಲೆ ಮೊಬೈಲಿಗೆ ಜೋಡಿಸಿದ ಒಂದು ಪುಟ್ಟ ಭೂತಗನ್ನಡಿಯನ್ನು ನೆತ್ತಿಗೆ ಒತ್ತಿ, ಪರದೆ ನನ್ನ ಕಡೆ ತಿರುಗಿಸಿದರು.

ಆ ಚಿತ್ರ ಇನ್ನೂ ಕಣ್ಣಲ್ಲಿದೆ. ತಲೆಯ ಚರ್ಮ ದೊಡ್ಡ ಬಯಲು. ಅದರಲ್ಲಿ ಒಂದು ಕೂದಲು ಹಗ್ಗದಷ್ಟು ದಪ್ಪ, ಪಕ್ಕದ್ದು ದಾರ, ಅದರ ಪಕ್ಕದ್ದು ಜೇಡರ ಬಲೆಯ ಎಳೆ. "ತಲೆ ಹಿಂದ ನೋಡ್ರಿ" ಅಂತ ಹಿಂಭಾಗಕ್ಕೆ ಒತ್ತಿದರು. ಅಲ್ಲಿ ಎಲ್ಲವೂ ಒಂದೇ ದಪ್ಪ, ಒಂದೊಂದು ರಂಧ್ರದಿಂದ ಎರಡು ಮೂರು. ಮುಂದಿನ ಅಂಚು ಹಾಗೇ ಉಳಿದು ನಡುಬೈತಲೆ ಮಾತ್ರ ಅಗಲ ಆಗುವುದು ಹೆಂಗಸರ ಬಕ್ಕತನದ ಲಕ್ಷಣವಂತೆ. ಗಂಡಸರಿಗೆ ಹಣೆಯ ಎರಡು ಮೂಲೆ, ಆಮೇಲೆ ನೆತ್ತಿ ಹೋಗುತ್ತವೆ. ನಮಗೆ ಹೀಗೆ. ಬೇರು ಒಮ್ಮೆಲೇ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತ ಹೋಗುತ್ತದೆ. ಸವಳು ನೀರು ಕೂದಲನ್ನು ಒರಟು ಮಾಡುತ್ತದೆ, ನಡುವೆ ಮುರಿಯುವ ಹಾಗೆ ಮಾಡುತ್ತದೆ, ಬೇರನ್ನು ಹೀಗೆ ಸಣ್ಣ ಮಾಡುವುದಿಲ್ಲ ಅಂದರು. ಓಣಿಯ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಪಿಆರ್‌ಪಿ ಮಾಡಿಸಬೇಕು ಅಂತ ಬಂದಿದ್ದೇನೆ ಅಂದೆ. "ಮಾಡೂಣಂತ. ಮೊದಲ ರಕ್ತ ನೋಡೂಣು" ಅಂದರು. ಮುಟ್ಟಿನ ದಿನಗಳ ಬಗ್ಗೆ ಕೇಳಿದರು. ಎಷ್ಟು ದಿನ, ಎಷ್ಟು ಜಾಸ್ತಿ, ಗಡ್ಡೆ ಹೋಗುತ್ತದಾ. ಕೂದಲಿಗೂ ಅದಕ್ಕೂ ಏನು ಸಂಬಂಧ ಅಂತ ನನಗೆ ಮುಜುಗರ. ಬಯೋಟಿನ್ ತಗೊಳ್ತೀರಾ ಅಂತಲೂ ಕೇಳಿದರು. ಹೂಂ ಅಂದಿದ್ದಕ್ಕೆ, ಅದನ್ನು ನಿಲ್ಲಿಸಿ ಕೆಲವು ದಿನ ಬಿಟ್ಟು ರಕ್ತ ಕೊಡಿ, ಇಲ್ಲದಿದ್ದರೆ ಥೈರಾಯ್ಡ್ ಪರೀಕ್ಷೆ ತಪ್ಪು ತೋರಿಸಬಹುದು ಅಂದರು. ಅಂಗಡಿಯವನು ಇದನ್ನು ಹೇಳಿರಲಿಲ್ಲ.

ವರದಿ ಬಂತು. ಥೈರಾಯ್ಡ್ ಸರಿ ಇತ್ತು. ಪ್ಲೇಟ್ಲೆಟ್ 2.6 ಲಕ್ಷ. 1.5ರಿಂದ 4.5 ಲಕ್ಷದ ಒಳಗೆ ಇದ್ದರೆ ಸರಿ. ಹಿಮೋಗ್ಲೋಬಿನ್ ಕಡಿಮೆ, 10.2. ದೇಹದ ಕಬ್ಬಿಣದ ಗಂಟು ಎಷ್ಟಿದೆ ಅಂತ ಹೇಳುವ ಫೆರಿಟಿನ್ ಬರೀ 9. ಮುಟ್ಟಿನಲ್ಲಿ ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ, ಆ ಪ್ರಶ್ನೆಗಳು ಅದಕ್ಕೇ. "ನಿಮ್ಮ ಖಾತೆದಾಗ ಬ್ಯಾಲೆನ್ಸ್ ಇಲ್ರಿ, ಚೆಕ್ ಬರದರ ಹೆಂಗ?" ಅಂದರು ಮೇಡಂ. ನನ್ನ ಕೆಲಸ ಏನು ಅಂತ ಕಾರ್ಡಿನಲ್ಲಿ ಓದಿರಬೇಕು. ಎರಡೂವರೆ ತಿಂಗಳು ಕಬ್ಬಿಣದ ಗುಳಿಗೆ. ಖಾಲಿ ಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ, ಚಹಾದ ಜೊತೆ ಮಾತ್ರ ಬೇಡ. ಬೆಳಗಿನ ಚಹಾ ಒಂದು ತಾಸು ಮುಂದಕ್ಕೆ ಹೋಗಿದ್ದು ಈ ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಕಷ್ಟ ಆದ ಭಾಗ. ನಗಬೇಡಿ.

ಆ ಎರಡೂವರೆ ತಿಂಗಳಲ್ಲೇ ಉದುರುವುದು ಸ್ವಲ್ಪ ಕಡಿಮೆ ಆಗಿತ್ತು. ಇದನ್ನು ಬೇಕಂತಲೇ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿಯಲ್ಲಿ ಅವತ್ತೇ ದುಡ್ಡು ಕಟ್ಟಿದ್ದರೆ ಈ ಫಲವೂ ಅವರ ಸೂಜಿಯ ಖಾತೆಗೇ ಜಮಾ ಆಗುತ್ತಿತ್ತು, ಅಲ್ವಾ?

ಮನೆಯಲ್ಲಿ ವಿಷಯ ಹೇಳಿದಾಗ ನಮ್ಮ ಮನೆಯವರ ಪ್ರಶ್ನೆ: "ಪ್ಲೇಟ್ಲೆಟ್ ಅಂದ್ರ ಡೆಂಗಿದಾಗ ಇಳಿತಾವಲ್ಲ, ಅವಾ?" ಅವೇ. ಹಿಂದಿನ ವರ್ಷ ಅವರಿಗೆ ಡೆಂಗಿ ಬಂದಾಗ ಪಪ್ಪಾಯಿ ಎಲೆ ಹುಡುಕಿಕೊಂಡು ಅರ್ಧ ಊರು ತಿರುಗಿದ್ದೆವು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಅವು. ಹೆಪ್ಪುಗಟ್ಟಿಸುವುದರ ಜೊತೆಗೆ, ಗಾಯ ಮಾಯಲು ಬೇಕಾದ ಬೆಳವಣಿಗೆಯ ಅಂಶಗಳನ್ನೂ ಅವು ಹೊತ್ತಿರುತ್ತವೆ. ರಕ್ತದಿಂದ ಆ ಕಣಗಳನ್ನೇ ಜಾಸ್ತಿ ಕೂಡಿಸಿ, ಸೊರಗಿದ ಬೇರಿನ ಹತ್ತಿರ ಬಿಟ್ಟರೆ, ಅದು ಚೇತರಿಸಿಕೊಂಡು ಮತ್ತೆ ಬೆಳೆಯುವ ಹಂತಕ್ಕೆ ಬರಬಹುದು ಅನ್ನೋದು ಲೆಕ್ಕಾಚಾರ. ಮೊಣಕಾಲು ನೋವಿಗೂ, ಹಲ್ಲಿನ ಡಾಕ್ಟರ ಹತ್ತಿರವೂ ಇದೇ ಪ್ಲಾಸ್ಮಾ, ಅಂದರೆ ಪ್ಲೇಟ್ಲೆಟ್ ಕೂಡಿಸಿದ ರಕ್ತದ ಹಳದಿ ತಿಳಿ, ಬಳಕೆಯಲ್ಲಿದೆ. ಅವ್ವನಿಗೆ ಇಷ್ಟೆಲ್ಲ ಹೇಳಿದರೆ, "ರಕ್ತ ಇಲ್ಲಂತ ಗುಳಿಗಿ ಕೊಟ್ಟ, ಈಗ ಇದ್ದ ರಕ್ತ ತಗೀತಾರಂತ!" ಅಂದಳು. ಉತ್ತರ ಹೊಳೆಯಲಿಲ್ಲ.

ದುಡ್ಡಿನ ವಿಷಯ. ಒಂದು ಸಲಕ್ಕೆ 4,500, ಒಟ್ಟು ನಾಲ್ಕು ಸಲ. ಪ್ರತಿ ಸಲ ಮುಗಿದ ಮೇಲೆ ಕೊಟ್ಟರೆ ಸಾಕು, ಮುಂಗಡ ಬೇಡ. ಇದು ಅಂದಕ್ಕೆ ಮಾಡಿಸುವ ಚಿಕಿತ್ಸೆ ಅಂತ ಲೆಕ್ಕ, ಹಾಗಾಗಿ ನನ್ನ ಆರೋಗ್ಯ ವಿಮೆಯಲ್ಲಿ ಒಂದು ಪೈಸೆ ಬರಲಿಲ್ಲ. ಭಿಶಿ, ಅಂದರೆ ಚೀಟಿ, ಎತ್ತಿದ ರೊಕ್ಕ ಇತ್ತು, ಅದರಲ್ಲೇ ತೂಗಿಸಿದೆ.

ಒಂದು ವಾರ ಮೊದಲೇ ಕೆಲವು ಮಾತು ಹೇಳಿದ್ದರು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಬೇಡ, ಅವು ಪ್ಲೇಟ್ಲೆಟ್ ಕೆಲಸವನ್ನೇ ತಡೆಯುತ್ತವೆ. ಜ್ವರ, ತಲೆಶೂಲೆ ಬಂದರೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಹೃದಯಕ್ಕೆ ಅಂತ ಡಾಕ್ಟರೇ ಆಸ್ಪಿರಿನ್ ಕೊಟ್ಟಿದ್ದರೆ ಮಾತ್ರ ತಾವಾಗಿಯೇ ನಿಲ್ಲಿಸಬಾರದು, ಕೇಳಬೇಕು. ಬಸುರಿಯರಿಗೆ, ರಕ್ತ ತೆಳು ಮಾಡುವ ಔಷಧ ತಗೊಳ್ಳುವವರಿಗೆ, ಪ್ಲೇಟ್ಲೆಟ್ ಕಡಿಮೆ ಇದ್ದವರಿಗೆ, ತಲೆಯಲ್ಲಿ ಕುರು ಸೋಂಕು ಇದ್ದವರಿಗೆ ಮಾಡುವುದಿಲ್ಲ. ತಲೆ ತೊಳೆದುಕೊಂಡು ಎಣ್ಣೆ ಹಚ್ಚದೆ ಬರಬೇಕು. ಚೆನ್ನಾಗಿ ನೀರು ಕುಡಿಯಬೇಕು. ತಿಂಡಿ ತಿಂದೇ ಬರಬೇಕು, ಆದರೆ ಎಣ್ಣೆ ಪದಾರ್ಥ ಬೇಡ. ಜಿಡ್ಡಿನ ಊಟ ಮಾಡಿ ಬಂದರೆ ಪ್ಲಾಸ್ಮಾ ತಿಳಿಯಾಗಿ ಬರದೆ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದಂತೆ. ಒಬ್ಬ ಪೇಷಂಟು ಬಸ್ ಸ್ಟ್ಯಾಂಡಿನಲ್ಲಿ ಪೂರಿ, ಮಿರ್ಚಿ ಭಜಿ ತಿಂದು ಬಂದು ವಾಪಸ್ ಹೋಗಿದ್ದನಂತೆ. ನಾನು ಎರಡು ಇಡ್ಲಿ ತಿಂದು ಹೋದೆ.

ಒಪ್ಪಿಗೆ ಪತ್ರಕ್ಕೆ ಸಹಿ. ಫೋಟೊ. ಕಿಟಕಿಗೆ ಬೆನ್ನು, ಅದೇ ಕುರ್ಚಿ, ನೆಲದ ಮೇಲೆ ಒಂದು ಟೇಪಿನ ಗುರುತು, ಅಲ್ಲೇ ಕಾಲಿಡಬೇಕು. ಬೆಳಕು ಬದಲಾದರೆ ಅದೇ ತಲೆ ದಟ್ಟವಾಗಿ ಕಾಣುತ್ತದೆ ಅಂತ ಮೇಡಂ ಹೇಳಿದರು. ಬೆಳಗಾವಿಯ ಗೋಡೆಯ ಫೋಟೊಗಳು ನೆನಪಾದವು.

ಮೊಣಕೈ ಮಡಚಿನಿಂದ ರಕ್ತ ತೆಗೆದರು. 20 ಮಿಲಿ, ಅಂದರೆ ನಾಲ್ಕು ಚಹಾ ಚಮಚೆ. ಟ್ಯೂಬಿನ ತಳದಲ್ಲಿ ಹೆಪ್ಪುಗಟ್ಟದ ಹಾಗೆ ಮೊದಲೇ ಒಂದಿಷ್ಟು ದ್ರವ ಇರುತ್ತದೆ. ಸಿಸ್ಟರ್ ನನ್ನ ಎದುರಿಗೇ ಟ್ಯೂಬುಗಳ ಮೇಲೆ ನನ್ನ ಹೆಸರು, ವಯಸ್ಸು ಬರೆದು, "ಓದಿ ನೋಡ್ರಿ, ಕರೆಕ್ಟ್ ಐತಿಲ್ಲೋ" ಅಂದಳು. ಅವತ್ತು ಇನ್ನಿಬ್ಬರದೂ ಇತ್ತು. ಒಬ್ಬರ ರಕ್ತ ಇನ್ನೊಬ್ಬರ ತಲೆಗೆ ಹೋದರೆ ಏನು ಗತಿ ಅಂತ ನೆನೆದರೇ ಬೆವರು ಬರುತ್ತದೆ. ಮಾಡಿಸುವವರು ಇದೊಂದನ್ನು, ಸೂಜಿಯ ಪ್ಯಾಕೆಟ್ ಎದುರಿಗೇ ಒಡೆಯುವುದನ್ನು, ನಾಚಿಕೆ ಬಿಟ್ಟು ಕೇಳಿ ನೋಡಿಕೊಳ್ಳಬೇಕು.

ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸಿ ಪದರ ಬೇರೆ ಮಾಡುವ ಯಂತ್ರ ನೋಡಲು ನಮ್ಮ ಐದು ಲೀಟರಿನ ಕುಕ್ಕರಿನಷ್ಟಿದೆ. ಒಳಗೆ ಟ್ಯೂಬುಗಳು ಓರೆಯಾಗಿ ಕೂರುತ್ತವೆ. ಎದುರು ಬದುರು ಸಮ ತೂಕ ಇರಲೇಬೇಕು, ಇಲ್ಲದಿದ್ದರೆ ಯಂತ್ರ ಕುಣಿಯುತ್ತದೆ. ಮೊದಲ ಸುತ್ತು ಹತ್ತು ನಿಮಿಷ, ನಿಧಾನದ್ದು. ಹೊರಗೆ ತೆಗೆದಾಗ ಕೆಳಗೆ ಕಡುಗೆಂಪು, ಮೇಲೆ ಹಳದಿ ತಿಳಿ, ನಡುವೆ ಉಗುರಿನ ಅಂಚಿನಷ್ಟು ಬಿಳಿ ಪದರ. ಹೋಳಿಗೆಗೆ ಬೇಳೆ ಬಸಿದಾಗ ಕಟ್ಟು ಸ್ವಲ್ಪ ಹೊತ್ತು ನಿಂತರೆ ಮೇಲೆ ತಿಳಿ ನಿಲ್ಲುತ್ತದಲ್ಲ, ಥೇಟ್ ಅದೇ ಬಣ್ಣ. ಸಿಸ್ಟರ್ ಉದ್ದ ಸೂಜಿಯಿಂದ ಆ ತಿಳಿಯನ್ನೂ, ಬಿಳಿ ಪದರದ ಮೇಲ್ಭಾಗವನ್ನೂ ಎಳೆದು ಬೇರೆ ಟ್ಯೂಬಿಗೆ ಹಾಕಿದಳು. ಕೆಂಪು ಬೆರೆತರೆ ಚುಚ್ಚುವಾಗ ಉರಿ ಜಾಸ್ತಿ ಅಂತೆ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು. ಈಗ ಒಂದೇ ಟ್ಯೂಬು ಆಯಿತಲ್ಲ, ಎದುರಿಗೆ ತೂಕಕ್ಕೆ ಅಂತ ಅಷ್ಟೇ ನೀರು ತುಂಬಿದ ಇನ್ನೊಂದು ಟ್ಯೂಬು ಇಟ್ಟಳು. ಎರಡನೇ ಸುತ್ತು ಜೋರಿನದು. ಪ್ಲೇಟ್ಲೆಟ್ ಎಲ್ಲ ತಳಕ್ಕೆ ಇಳಿಯುತ್ತವೆ. ಮೇಲಿನ ನೀರು ತೆಗೆದು, ತಳದ್ದನ್ನು ಅಲುಗಾಡಿಸಿ ಬೆರೆಸಿದರೆ ಉಳಿಯುವುದು ಮೂರು ನಾಲ್ಕು ಮಿಲಿ. 20 ಮಿಲಿ ಕೊಟ್ಟಿದ್ದಕ್ಕೆ ಕೈಗೆ ಬಂದಿದ್ದು ಅಷ್ಟೇ.

ಮೊದಲ ಸಲ ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ತಾಸು ಕೂರಿಸಿದ್ದರು. ಮುಲಾಮಿನ ಭರವಸೆಯಲ್ಲಿ ಕುಳಿತೆ. ಆ ಭರವಸೆ ಮೊದಲ ಚುಚ್ಚಿಗೇ ಹೋಯಿತು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತಗೊಳ್ಳುವ ಸಣ್ಣ ಸೂಜಿಯೇ ಅದು. ಒಂದೊಂದು ಚುಚ್ಚಿಗೆ ಒಂದೆರಡು ಹನಿ, ಸುಮಾರು ಒಂದೊಂದು ಸೆಂಟಿಮೀಟರ್ ಅಂತರ. ಚುಚ್ಚು ದೊಡ್ಡದಲ್ಲ, ದ್ರವ ಒಳಗೆ ಹೋಗುವಾಗ ಚರ್ಮ ಬಿರಿದಂತೆ ಆಗುತ್ತದೆ. ಜೊತೆಗೆ ಒಂದು ಸದ್ದು. ದಪ್ಪ ಬಟ್ಟೆಗೆ ಸೂಜಿ ಹಾಕಿದಾಗ ಬರುವ "ಕರ್" ಅನ್ನುವ ಸದ್ದು ತಲೆಯೊಳಗಿಂದಲೇ ಕೇಳುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಸಿಸ್ಟರ್ ಒಂದು ಕೈಯಲ್ಲಿ ಐಸು, ಇನ್ನೊಂದು ಕೈಯಲ್ಲಿ ಗೀಂ ಅನ್ನುವ ಸಣ್ಣ ಯಂತ್ರ ಹಿಡಿದು, ಚುಚ್ಚುವ ಜಾಗದ ಪಕ್ಕ ಒತ್ತುತ್ತಿದ್ದಳು. ಮೆದುಳಿಗೆ ಅದರ ಅದುರು ಮೊದಲು ಮುಟ್ಟಿ ನೋವು ಹಿಂದೆ ಉಳಿಯಲಿ ಅಂತ.

ನಾನು ಎಣಿಸತೊಡಗಿದೆ. ಬೇರೆ ಏನು ಬರುತ್ತದೆ ನನಗೆ? ಹಣೆಯ ಹತ್ತಿರ ಹತ್ತೊಂಬತ್ತು ಇಪ್ಪತ್ತರ ಸುಮಾರಿಗೆ ಕಣ್ಣಲ್ಲಿ ತಾನಾಗಿಯೇ ನೀರು ಬಂತು. ಅಲ್ಲಿ ಜಾಸ್ತಿ ನೋವು. ನಡುನೆತ್ತಿಗೆ ಹೋದಂತೆ ಕಡಿಮೆ. 50 ದಾಟಿದ ಮೇಲೆ ನೋಟಿನ ಅರ್ಧ ಕಟ್ಟು ಮುಗಿಯಿತು ಅಂದುಕೊಂಡೆ. 74ಕ್ಕೆ ನಿಂತಿತು. "ಎಷ್ಟ ಆದೂರಿ?" ಅಂದರು ಮೇಡಂ. "74." "ಅಯ್ಯ, ನಾನೂ ಎಣಸಂಗಿಲ್ಲ ನೋಡ್ರಿ" ಅಂತ ನಕ್ಕರು. ಹನ್ನೆರಡು ನಿಮಿಷದ ಕೆಲಸ.

ಆಮೇಲೆ ತಲೆ ಭಾರ. ಒದ್ದೆ ಟವೆಲ್ಲು ಬಿಗಿಯಾಗಿ ಸುತ್ತಿದ ಹಾಗೆ. ಅಲ್ಲಲ್ಲಿ ರಕ್ತದ ಚುಕ್ಕೆ. ಆ ದಿನ ತಲೆಗೆ ನೀರು ಬೇಡ, ಎಣ್ಣೆ, ಮೆಹಂದಿ, ಡೈ ಕೆಲವು ದಿನ ಬೇಡ, ಬೆವರು ಬರುವ ಕೆಲಸ ಬೇಡ, ಬಿಸಿಲು ಬೇಡ. ಏಪ್ರಿಲ್‌ನಲ್ಲಿ ಬಾಗಲಕೋಟೆಯಲ್ಲಿ ಕುಳಿತು ಬೆವರಬೇಡಿ, ಬಿಸಿಲು ಬೇಡ ಅಂದರೆ! ಒಲೆಯ ಮುಂದೆ ರೊಟ್ಟಿ ಬಡಿಯುವುದರಿಂದ ಎರಡು ದಿನ ರಜೆ ಸಿಕ್ಕಿತು. ಖಾನಾವಳಿಯಿಂದ ರೊಟ್ಟಿ ತರಿಸಿದರು. ಅವ್ವನ ಮುಖ ನೋಡಬೇಕಿತ್ತು.

ರಾತ್ರಿ ತಲೆಶೂಲೆ ಬಂತು, ಪ್ಯಾರಾಸಿಟಮಾಲ್ ನುಂಗಿ ಎರಡು ದಿಂಬು ಇಟ್ಟು ಮಲಗಿದೆ. ಮರುದಿನ ತಲೆ ಹಗುರಾಯಿತು, ಆದರೆ ಊತ ಹಣೆಗೆ ಇಳಿಯಿತು. ಮೂರನೇ ದಿನ ಎರಡು ಹುಬ್ಬಿನ ನಡುವೆ. ಇದು ಆಗಬಹುದು, ತಾನೇ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಜ್ವರ, ಕೀವು, ದಿನದಿನಕ್ಕೆ ಹೆಚ್ಚಾಗುವ ನೋವು ಇದ್ದರೆ ಮಾತ್ರ ಕೂಡಲೇ ಬನ್ನಿ ಅಂದಿದ್ದರು. ಅಂಥದ್ದು ನನಗೆ ಬರಲಿಲ್ಲ.

ಗಾಬರಿ ಆಗಿದ್ದು ಮೂರನೇ ವಾರ. ಕೂದಲು ಮೊದಲಿಗಿಂತ ಜಾಸ್ತಿ ಉದುರಲು ಶುರುವಾಯಿತು. ಬಚ್ಚಲಿನ ಜಾಲರಿ ಕಟ್ಟಿಕೊಂಡು ನೀರು ನಿಂತಿತು. ನಾಲ್ಕೂವರೆ ಸಾವಿರ ಕೊಟ್ಟು, 74 ಚುಚ್ಚು ತಿಂದು, ಇದ್ದದ್ದನ್ನೂ ಕಳೆದುಕೊಂಡೆನಾ? ಅಳುತ್ತಲೇ ಕ್ಲಿನಿಕ್ಕಿಗೆ ಹೋದೆ. ಮೇಡಂ ಒಂದು ಹಾಳೆಯ ಮೇಲೆ ಗೀಚಿ ತೋರಿಸಿದರು. ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಬೆಳೆಯದೆ ಸುಮ್ನೆ ಕೂರುತ್ತದೆ, ಆಮೇಲೆ ಬೀಳುತ್ತದೆ. ಸುಮ್ನೆ ಕುಳಿತ ಬೇರು ಮತ್ತೆ ಬೆಳೆಯಲು ಎದ್ದಾಗ ಹಳೆಯ ಕೂದಲನ್ನು ನೂಕುತ್ತದೆ. ಪಿಆರ್‌ಪಿ ಜೊತೆಗೆ ದಿನಾ ರಾತ್ರಿ ತಲೆಗೆ ಹಚ್ಚಲು ಮಿನಾಕ್ಸಿಡಿಲ್ ಅನ್ನುವ ಕೂದಲಿನ ಔಷಧಿಯನ್ನೂ ಕೊಟ್ಟಿದ್ದರು. ಮೊದಮೊದಲು ಉದುರುವುದನ್ನು ಅದು ಇನ್ನೂ ಜಾಸ್ತಿ ಮಾಡುತ್ತದಂತೆ. ಕೆಲವು ವಾರ ತಡೆದುಕೊಳ್ಳಿ ಅಂದರು. ಇಷ್ಟೆಲ್ಲ ತಿಳಿದ ಮೇಲೂ ಜಾಲರಿಯಿಂದ ಕೂದಲು ತೆಗೆಯುವಾಗ ಕೈ ನಡುಗುತ್ತಿತ್ತು. ಸೂಜಿಗಿಂತ ಈ ಐದಾರು ವಾರಗಳೇ ನನಗೆ ಕಷ್ಟ ಆದವು.

ಎರಡನೇ ಸಲ, ಸರಿಯಾಗಿ ಒಂದು ತಿಂಗಳ ಮೇಲೆ. ಮುಲಾಮು ಬೇಡ ಅಂತ ನಾನೇ ಹೇಳಿದೆ. ಹುಬ್ಬಿನ ಮೇಲೆ ಮತ್ತು ತಲೆಯ ಹಿಂಭಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಆ ನಾಲ್ಕಾರು ಚುಚ್ಚು ಕೆಂಡ. ಆದರೆ ಆಮೇಲೆ ಏನೂ ಗೊತ್ತಾಗುವುದಿಲ್ಲ, ಆ "ಕರ್" ಸದ್ದು ಬಿಟ್ಟು. ಹಣೆ ನನ್ನದೇ ಅಲ್ಲ ಅನ್ನಿಸಿತು. ಮನೆಗೆ ಬಂದು ಕುಂಕುಮ ಇಟ್ಟುಕೊಂಡರೆ ಬೆರಳಿಗೆ ಹಣೆ ಗೊತ್ತಾಗುತ್ತದೆ, ಹಣೆಗೆ ಬೆರಳು ಗೊತ್ತಾಗುವುದಿಲ್ಲ. ಕನ್ನಡಿ ನೋಡಿದರೆ ಕುಂಕುಮ ಹುಬ್ಬಿನ ಮೇಲಿತ್ತು.

ಅದೇ ದಿನ ಇನ್ನೊಂದು ಫಜೀತಿ. ಎರಡನೇ ಸುತ್ತು ತಿರುಗುವಾಗ ಕರೆಂಟು ಹೋಯಿತು. ಆ ಯಂತ್ರಕ್ಕೆ ಇನ್ವರ್ಟರ್ ಜೋಡಿಸಿರಲಿಲ್ಲ. ಅರ್ಧ ತಾಸು ಕಾದರೂ ಬರಲಿಲ್ಲ. ನನ್ನ ಪ್ಲೇಟ್ಲೆಟ್ ಅರ್ಧ ದಾರಿಯಲ್ಲಿ ನಿಂತಿದ್ದವು. ಕರೆಂಟು ಬಂದ ಮೇಲೆ ಮೇಡಂ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, "ಇದು ಬ್ಯಾಡ್ರಿ, ಹೊಸಾದು ತಗಿಯೂಣು" ಅಂದರು. ಇನ್ನೊಂದು ಕೈಯಿಂದ ಮತ್ತೆ 20 ಮಿಲಿ. ದುಡ್ಡು ಜಾಸ್ತಿ ಕೇಳಲಿಲ್ಲ. ಆದರೂ ನನಗೆ ಸಿಟ್ಟು ಬಂದಿತ್ತು. ನಮ್ಮೂರಿನಲ್ಲಿ ಕ್ಲಿನಿಕ್ಕು ಇಟ್ಟು ಬ್ಯಾಟರಿ ಇಲ್ಲ ಅಂದರೆ? ಮೂರನೇ ಸಲ ಹೋದಾಗ ಇನ್ವರ್ಟರಿನ ವೈರು ಆ ಮೂಲೆಯ ತನಕ ಬಂದಿತ್ತು. ಮೂರನೆಯದು, ನಾಲ್ಕನೆಯದು ಹೇಳುವಂಥದ್ದೇನಿಲ್ಲ. ಬ್ಯಾಂಕಿಗೆ ಹೋಗಿ ಬಂದಷ್ಟೇ.

ನಮ್ಮ ಸಂಘದ ಡೈರೆಕ್ಟರ್ ಒಬ್ಬರಿಗೆ ಸುದ್ದಿ ಹೇಗೋ ಮುಟ್ಟಿತ್ತು. ಅವರ ತಲೆ ಹದಿನೈದು ವರ್ಷದಿಂದ ನುಣ್ಣಗಿದೆ. "ನನಗೂ ಬರತಾವೇನ ಕೇಳವ್ವ ತಂಗಿ" ಅಂದರು. ಕೇಳಿದೆ. ಮೇಡಂ, "ಕೂಳೆ ಕಬ್ಬು ಚಿಗಿಬೇಕಂದ್ರ ಬುಡದಾಗ ಜೀವ ಇರಬೇಕಲ್ರಿ. ಬುಡಾನ ಒಣಗಿದ್ರ ಎಷ್ಟ ಗೊಬ್ಬರ ಹಾಕಿದ್ರೂ ಅಷ್ಟ" ಅಂದರು. ಕಬ್ಬಿನ ಜಿಲ್ಲೆಯಲ್ಲಿ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಡೈರೆಕ್ಟರ್ ಸಾಹೇಬರು ಕೇಳಿಸಿಕೊಂಡು ಟೊಪ್ಪಿಗೆ ಸರಿ ಮಾಡಿಕೊಂಡರು.

ಫಲ ಏನಾಯಿತು? ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್. ಹಾಗಾಗಿ ಮೂರು ತಿಂಗಳ ಮೊದಲು ಕನ್ನಡಿ ನೋಡುವುದು ದಂಡ. ನಾನು ದಿನಾ ನೋಡಿದೆ, ಅದು ಬೇರೆ ಮಾತು. ನಾಲ್ಕನೇ ತಿಂಗಳಿಗೆ ಬೈತಲೆಯ ಎರಡೂ ಬದಿ ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತವು. ಎಷ್ಟು ಬಾಚಿದರೂ ಮಲಗುವುದಿಲ್ಲ, ನೀರು ಹಚ್ಚಿದರೂ ಎದ್ದು ನಿಲ್ಲುತ್ತವೆ. ಆರನೇ ತಿಂಗಳಿಗೆ ಅದೇ ಟೇಪಿನ ಗುರುತಿನ ಮೇಲೆ ಕಾಲಿಟ್ಟು ಕುಳಿತು ಫೋಟೊ ತೆಗೆಸಿದೆ. ಎರಡೂ ಫೋಟೊ ಪಕ್ಕ ಪಕ್ಕ ಇಟ್ಟರು. ಬೈತಲೆ ಇನ್ನೂ ಅಗಲವಾಗಿಯೇ ಇದೆ. ಆದರೆ ಮೊದಲಿನ ಮುಕ್ಕಾಲು ಪಾಲು ಅನ್ನಬಹುದು. ಭೂತಗನ್ನಡಿಯಲ್ಲಿ ದಾರದಂತಿದ್ದ ಕೆಲವು ಕೂದಲು ದಪ್ಪಗಾಗಿದ್ದವು. ಜೇಡರ ಬಲೆಯಂಥವು ಹಾಗೇ ಇದ್ದವು. ಕಾಲೇಜು ದಿನಗಳ ಹೆರಳು ಬರಲಿಲ್ಲ. ಬರುತ್ತದೆ ಅಂತ ಮೇಡಂ ಹೇಳಿಯೂ ಇರಲಿಲ್ಲ.

ಇದರಲ್ಲಿ ಪಿಆರ್‌ಪಿಯ ಪಾಲು ಎಷ್ಟು ಅಂತ ಅವರನ್ನೇ ಕೇಳಿದೆ. ಅವರು ತಪ್ಪಿಸಿಕೊಳ್ಳಲಿಲ್ಲ. ಕಬ್ಬಿಣ ತುಂಬಿದ್ದೀವಿ, ಮಿನಾಕ್ಸಿಡಿಲ್ ಹಚ್ಚಿದ್ದೀವಿ, ಇದನ್ನೂ ಮಾಡಿದ್ದೀವಿ, ಮೂರೂ ಒಟ್ಟಿಗೆ ನಡೆದಾಗ ಯಾವುದು ಎಷ್ಟು ಅಂತ ನಿಮ್ಮೊಬ್ಬರ ತಲೆ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಂದರು. ಅಧ್ಯಯನಗಳಲ್ಲೂ ಒಬ್ಬೊಬ್ಬರು ಒಂದೊಂದು ರೀತಿ ತಿರುಗಿಸುತ್ತಾರೆ, ಒಂದೊಂದು ಲೆಕ್ಕದಲ್ಲಿ ಚುಚ್ಚುತ್ತಾರೆ, ಕೆಲವರಿಗೆ ಚೆನ್ನಾಗಿ ಆಗಿದೆ, ಕೆಲವರಿಗೆ ಏನೂ ಆಗಿಲ್ಲ. ಇಷ್ಟಕ್ಕೇ ಮುಗಿಯುವುದೂ ಇಲ್ಲ. ಬೇರು ಸೊರಗುವ ಗುಣ ಹೋಗುವುದಿಲ್ಲ, ಹಾಗಾಗಿ ಆರು ತಿಂಗಳಿಗೊಮ್ಮೆ ಒಂದು ಸಲ ಮಾಡಿಸಬೇಕು. ಮಿನಾಕ್ಸಿಡಿಲ್ ಬಿಟ್ಟರೆ ಅದರಿಂದ ಉಳಿದ ಕೂದಲು ಕೆಲವು ತಿಂಗಳಲ್ಲಿ ಮತ್ತೆ ಬೀಳುತ್ತವೆ. ನಾಲ್ಕು ಸಲಕ್ಕೆ 18,000, ಪರೀಕ್ಷೆಗಳಿಗೆ 3,000 ಹತ್ತಿರ, ಔಷಧಿ ಬೇರೆ. ಮುಂದಿನದು ಮಾಡಿಸುವುದಾ ಬೇಡವಾ ಅಂತ ಎರಡು ವಾರ ಯೋಚಿಸಿದೆ. ಒಂದು ಸಲ ಮಾಡಿಸುತ್ತೇನೆ. ಆಮೇಲಿನದು ಮುಂದಿನ ಭಿಶಿ ಯಾವಾಗ ಎತ್ತುತ್ತೇನೆ ಅನ್ನುವುದರ ಮೇಲಿದೆ.

ಹೋದ ಭಾನುವಾರ ಓಣಿಗೆ ಕೂದಲು ಕೊಳ್ಳುವವಳು ಬಂದಿದ್ದಳು. ನಾನು ಒಳಗೆ ತಲೆ ಒರೆಸಿಕೊಳ್ಳುತ್ತಿದ್ದೆ. ಅವ್ವ ಬಚ್ಚಲ ಕಿಟಕಿಯಿಂದ ಚೀಲ ತೆಗೆದುಕೊಂಡು ಹೊರಗೆ ಹೋದಳು. ಕೊಳ್ಳುವವಳು ಉಂಡೆಯನ್ನು ಅಂಗೈಯಲ್ಲಿ ಇಟ್ಟು ತೂಗಿ ನೋಡಿರಬೇಕು.

"ನಾಕ ತಿಂಗಳಿಗೆ ಇಷ್ಟಾ? ಇಷ್ಟಕ್ಕ ಏನ ಕೊಡ್ಲಿ ಯವ್ವಾ. ಎರಡ ಪಿನ್ನ ತಗೋ."

"ಎರಡ? ಹೋದ ವರ್ಷ ಬಟ್ಟಲ ಕೊಟ್ಟಿದ್ದಿ."

"ಹೋದ ವರ್ಷ ಚೀಲ ತುಂಬ ಇದ್ದೂ."

ಮೂರನೇ ಪಿನ್ನಿಗಾಗಿ ಅವ್ವ ಕಾಲು ತಾಸು ಜಗಳ ಆಡಿದಳು. ನಾನು ಹೊರಗೆ ಬರಲಿಲ್ಲ, ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿದೆ.